ಎರಡು ಪಟ್ಟಿ ತಾಳೆ ನೋಡಲು ಕಾಮ್, ಜಾಯಿನ್ ಅಥವಾ ಆಕ್?

ಮಲ್ಪೆ ದೋಣಿಗಳ ಎರಡು ತಿಂಗಳ ಡೀಸೆಲ್ ಪಟ್ಟಿ ಹೋಲಿಸಲು ಲಿನಕ್ಸ್ ಟರ್ಮಿನಲ್‌ನ ಕಾಮ್ (comm), ಜಾಯಿನ್ (join), ಆಕ್ (awk) ಕಮಾಂಡ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ಒಂದು ವಿಷಯ ತೀರ್ಮಾನಿಸಿ. ಇಡೀ ಸಾಲು ಹೋಲಿಸಬೇಕಾ, ದೋಣಿ ನಂಬರ್ ಮಾತ್ರ ಸಾಕಾ?

ಇಡೀ ಸಾಲಾದರೆ ಕಾಮ್ ಬಹಳ ಸುಲಭ. ಮೊದಲ ಫೈಲಿನಲ್ಲಿ ಮಾತ್ರ ಇರುವುದು, ಎರಡನೆಯದರಲ್ಲಿ ಮಾತ್ರ ಇರುವುದು, ಎರಡರಲ್ಲೂ ಇರುವುದು ಅಂತ 3 ಕಾಲಂ ಕೊಡುತ್ತದೆ. ಆದರೆ ಸಾಲಿನ ಕೊನೆಗೆ ಒಂದು ಸ್ಪೇಸ್ ಜಾಸ್ತಿಯಿದ್ದರೂ ಅದಕ್ಕೆ ಬೇರೆ ಸಾಲೇ.

ನಂಬರ್ ಹಿಡಿದು ಎರಡೂ ತಿಂಗಳ ಲೀಟರ್ ಅಕ್ಕಪಕ್ಕ ಬೇಕೆಂದರೆ ಜಾಯಿನ್. ಕಾಲಂಗಳನ್ನು ಕಾಮಾದಿಂದ ಬೇರ್ಪಡಿಸಿದೆ ಅಂತ ಅದಕ್ಕೆ ಹೇಳಬೇಕು. ಕಾಮ್, ಜಾಯಿನ್ ಎರಡಕ್ಕೂ ಪಟ್ಟಿಗಳು ಮೊದಲೇ ಸಾರ್ಟ್ ಆಗಿರಬೇಕು, ಅಂದರೆ ಕ್ರಮವಾಗಿ ಜೋಡಿಸಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಸಂಖ್ಯೆಯ ಕ್ರಮದಲ್ಲಿ ಸಾರ್ಟ್ ಮಾಡಿದರೆ 9 ಆದ ಮೇಲೆ 10 ಬರುತ್ತದೆ. ಜಾಯಿನ್ ಬಯಸುವುದು ಅಕ್ಷರಗಳ ಕ್ರಮ, ಅಲ್ಲಿ 10 ಮೊದಲು. ಹೊಂದುವ ಸಾಲುಗಳೇ ಬಿಟ್ಟುಹೋಗಬಹುದು! ಸಾರ್ಟ್‌ಗೂ ಜಾಯಿನ್‌ಗೂ ಒಂದೇ ಲೊಕೇಲ್ (ಅಕ್ಷರಗಳ ಕ್ರಮ ಹೇಗಿರಬೇಕೆಂದು ಹೇಳುವ ಭಾಷಾ ಸೆಟ್ಟಿಂಗ್) ಇಡಿ. ಕನ್ನಡ ಹೆಸರಿನ ಮೇಲೆ ಸಾರ್ಟ್ ಮಾಡುವಾಗಲಂತೂ ಮರೆಯಬೇಡಿ.

ಆಕ್‌ಗೆ ಸಾರ್ಟ್ ಬೇಡ, ಪಟ್ಟಿಯ ಮೂಲ ಕ್ರಮವೂ ಉಳಿಯುತ್ತದೆ. "ಲೀಟರ್ ಬದಲಾದ ದೋಣಿ ಮಾತ್ರ ತೋರಿಸು" ಎನ್ನುವಂಥ ಷರತ್ತಿಗೆ ನಾನು ಅದನ್ನೇ ಹಿಡಿಯುತ್ತೇನೆ. ಸಣ್ಣ ಪ್ರೋಗ್ರಾಂ ಬರೆಯಬೇಕು, ಅಷ್ಟೇ. ಸಾಮಾನ್ಯವಾಗಿ ಒಂದು ಫೈಲನ್ನು ಪೂರ್ತಿ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ, ತೀರಾ ದೊಡ್ಡ ಫೈಲಿಗೆ ಸಾರ್ಟ್ ಮತ್ತು ಜಾಯಿನ್ ವಾಸಿ. ಸಾರ್ಟ್ ಬೇಕಾದರೆ ಡಿಸ್ಕ್ ಬಳಸಿಕೊಳ್ಳುತ್ತದೆ.

ಉದ್ಧರಣ ಚಿಹ್ನೆಯೊಳಗೆ ಕಾಮಾ ಇರುವ ವಿಳಾಸಗಳಿದ್ದರೆ ಕಾಲಂ ತಪ್ಪುತ್ತದೆ. ಅಂಥ ಪಟ್ಟಿಗೆ ಗ್ನೂ ಆಕ್ (ಆಕ್‌ನ ಒಂದು ರೂಪ) 5.3ರಲ್ಲಿ ಬಂದ ಸಿಎಸ್‌ವಿ (ಕಾಮಾದಿಂದ ಬೇರ್ಪಡಿಸಿದ ಪಟ್ಟಿ) ಆಯ್ಕೆ ಬಳಸಿ.