ಹಳೆಯ ಡೆಸ್ಕ್‌ಟಾಪಿಗೆ ಮಾನಿಟರ್ ಆಗಿ 32 ಇಂಚಿನ ಟಿವಿ: ಬಳಸಿ ನೋಡಿದ ಮೇಲೆ

2009ರ ಆಸುಪಾಸಿನ ಡೆಸ್ಕ್‌ಟಾಪ್ ಕಂಪ್ಯೂಟರುಗಳು ಇಂದಿಗೂ ಎಷ್ಟೋ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಕೆಲಸ ಮಾಡುತ್ತಿವೆ. ಅಂಥ ಯಂತ್ರದ ಮಾನಿಟರ್ ಕೆಟ್ಟಾಗ, ಮನೆಯಲ್ಲಿ ಹೇಗೂ ಇರುವ ಟಿವಿಯನ್ನೇ ಜೋಡಿಸಿಕೊಂಡರೆ ಆಗದೇ ಎಂಬ ಯೋಚನೆ ಬರುವುದು ಸಹಜ. ಕೋರ್ 2 ಡ್ಯುಯೋ ಪ್ರೊಸೆಸರ್ ಮತ್ತು ಇಂಟೆಲ್ ಜಿ31 ಚಿಪ್‌ಸೆಟ್‌ನ ಮದರ್‌ಬೋರ್ಡ್ ಇರುವ ನಮ್ಮ ಮನೆಯ ಕಂಪ್ಯೂಟರಿಗೆ, ಕೆಲವು ವರ್ಷ ಹಳೆಯದಾದ 32 ಇಂಚಿನ ಎಚ್‌ಡಿ ರೆಡಿ ಟಿವಿಯನ್ನು ಮಾನಿಟರ್ ಆಗಿ ಬಳಸುತ್ತಿದ್ದೇವೆ. ಆ ಕಂಪ್ಯೂಟರಿನ ಮುಖ್ಯ ಕೆಲಸ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು. ಆದ್ದರಿಂದ ಚಿತ್ರಗಳು ಎಷ್ಟು ಚೆಂದ ಕಾಣುತ್ತವೆ ಎಂಬುದಕ್ಕಿಂತ ಅಕ್ಷರಗಳು ಎಷ್ಟು ಸ್ಪಷ್ಟವಾಗಿ ಮೂಡುತ್ತವೆ ಎಂಬುದೇ ಈ ವಿಮರ್ಶೆಯ ಅಳತೆಗೋಲು.

ಮೊದಲು ಜೋಡಣೆಯ ವಿಷಯ. ಆ ಕಾಲದ ಬೋರ್ಡುಗಳಲ್ಲಿ ಬಹುಪಾಲಿಗೆ ಇರುವುದು 15 ಪಿನ್ನುಗಳ ವಿಜಿಎ ಕಿಂಡಿ ಮಾತ್ರ. 1987ರಲ್ಲಿ ಐಬಿಎಂ ತಂದ ಈ ವ್ಯವಸ್ಥೆ ಚಿತ್ರವನ್ನು ಅನಲಾಗ್ ಸಂಕೇತವಾಗಿ ಕಳುಹಿಸುತ್ತದೆ. ಟಿವಿಗಳಲ್ಲಿರುವ ಎಚ್‌ಡಿಎಂಐ ಕಿಂಡಿ ಪೂರ್ತಿ ಡಿಜಿಟಲ್. ಹೀಗಾಗಿ ಒಂದು ತುದಿಯಲ್ಲಿ ವಿಜಿಎ, ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ ಇರುವ ಬರಿಯ ಕೇಬಲ್ಲಿನಿಂದ ಕೆಲಸವಾಗುವುದಿಲ್ಲ. ನಡುವೆ ಸಂಕೇತವನ್ನು ಬದಲಿಸುವ, ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಕನ್ವರ್ಟರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇದು ಸುಲಭವಾಗಿ ಸಿಗುತ್ತದೆ. ಆದರೆ ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್ ಕೂಡ ನೋಡಲು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ, ಮತ್ತು ಒಂದನ್ನು ಇನ್ನೊಂದರ ಬದಲಿಗೆ ಬಳಸಲಾಗದು. ಕಂಪ್ಯೂಟರಿನ ಕಡೆ ವಿಜಿಎ, ಟಿವಿಯ ಕಡೆ ಎಚ್‌ಡಿಎಂಐ ಎಂದು ಅಂಗಡಿಯವರಿಗೆ ಬಿಡಿಸಿ ಹೇಳುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ ಡಿವಿಐ-ಡಿ ಎಂಬ ಡಿಜಿಟಲ್ ಕಿಂಡಿ ಇದ್ದರೆ ಈ ತಾಪತ್ರಯವಿಲ್ಲ, ಸಾದಾ ಅಡಾಪ್ಟರ್ ಸಾಕು.

ನಮ್ಮ ಟಿವಿಯಲ್ಲಿ ಎಚ್‌ಡಿಎಂಐ ಜೊತೆಗೆ ವಿಜಿಎ ಕಿಂಡಿಯೂ ಇರುವುದರಿಂದ ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ಹೊಸದಾದ ಎಚ್‌ಡಿಎಂಐ ದಾರಿಯೇ ಉತ್ತಮ ಎಂದು ಯಾರಿಗಾದರೂ ಅನಿಸುತ್ತದೆ. ಎಚ್‌ಡಿ ರೆಡಿ ಟಿವಿಯಲ್ಲಿ ಕಂಡದ್ದು ಅದಕ್ಕೆ ತದ್ವಿರುದ್ಧ. ಇಂಥ ಟಿವಿಗಳ ಪರದೆಯಲ್ಲಿ ನಿಜವಾಗಿ ಇರುವುದು ಸಾಮಾನ್ಯವಾಗಿ 1366×768 ಪಿಕ್ಸೆಲ್. ಆದರೆ ಎಚ್‌ಡಿಎಂಐ ಮೂಲಕ ಕಂಪ್ಯೂಟರ್ ಕೇಳಿದಾಗ ಎಷ್ಟೋ ಟಿವಿಗಳು ಆ ಅಳತೆಯನ್ನು ಹೇಳದೆ, ಪ್ರಸಾರದ ಅಳತೆಗಳಾದ 1280×720 ಅಥವಾ 1920×1080 ಮಾತ್ರ ತಮಗೆ ಬೇಕೆನ್ನುತ್ತವೆ. ಬಂದ ಚಿತ್ರವನ್ನು ಟಿವಿ ತನ್ನ ಪರದೆಗೆ ಹೊಂದುವಂತೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಸಿನಿಮಾ ನೋಡುವಾಗ ಇದು ಗಮನಕ್ಕೆ ಬರುವುದಿಲ್ಲ, ಅಕ್ಷರಗಳಲ್ಲಿ ಮಾತ್ರ ತಕ್ಷಣ ಕಾಣುತ್ತದೆ. ವಿಜಿಎ ಕೇಬಲ್ಲನ್ನು ನೇರವಾಗಿ ಹಾಕಿದಾಗ ವಿಂಡೋಸ್‌ನಲ್ಲಿ 1360×768 ಎಂಬ ಆಯ್ಕೆ ಸಿಕ್ಕಿತು. ಅಗಲದಲ್ಲಿ ಆರು ಪಿಕ್ಸೆಲ್ ಕಡಿಮೆಯಾದರೂ ಕಂಪ್ಯೂಟರ್ ಕಳುಹಿಸಿದ ಒಂದೊಂದು ಚುಕ್ಕೆಯೂ ಪರದೆಯ ಒಂದೊಂದು ಚುಕ್ಕೆಯ ಮೇಲೆಯೇ ಕೂರುತ್ತದೆ. ಟಿವಿಯ ಮೆನುವಿನಲ್ಲಿರುವ ಆಟೊ ಅಡ್ಜಸ್ಟ್ ಒತ್ತಿದ ಮೇಲೆ ಅಂಚುಗಳೂ ಸರಿಹೋದವು.

ಕನ್ನಡಕ್ಕೆ ಈ ವ್ಯತ್ಯಾಸ ಇಂಗ್ಲಿಷಿಗಿಂತ ಹೆಚ್ಚು ಮುಖ್ಯ. ಪಕಾರಕ್ಕೂ ಷಕಾರಕ್ಕೂ ಇರುವ ಅಂತರ ಒಳಗಿನ ಒಂದು ಗೆರೆ; ಬಕಾರ ಭಕಾರಗಳ, ದಕಾರ ಧಕಾರಗಳ ಅಂತರ ಕೆಳಗಿನ ಒಂದು ಸಣ್ಣ ಸೀಳು. 12 ಪಾಯಿಂಟಿನಲ್ಲಿ, 1280×720ರಿಂದ ಹಿಗ್ಗಿದ ಚಿತ್ರದಲ್ಲಿ ಆ ಸೀಳು ಮಸುಕಾಗಿ ಮುಚ್ಚಿಹೋಗುತ್ತದೆ, ಒತ್ತಕ್ಷರಗಳು ಸಾಲಿನಡಿ ಬರಿಯ ಕಪ್ಪು ಕಲೆಗಳಂತೆ ಕಾಣುತ್ತವೆ. ಕರಡು ತಿದ್ದುವವರಿಗೆ ಇದು ಸಹಿಸಿಕೊಳ್ಳುವಂಥ ಕೊರತೆಯಲ್ಲ.

ಟಿವಿಯ ಒಳಗಿನ ಕೆಲವು ಹೊಂದಿಕೆಗಳನ್ನು ಬದಲಿಸದೆ ಯಾವ ಕೇಬಲ್ ಹಾಕಿಯೂ ಪ್ರಯೋಜನವಿಲ್ಲ. ಟಿವಿಗಳು ಎಚ್‌ಡಿಎಂಐ ಚಿತ್ರದ ನಾಲ್ಕೂ ಅಂಚುಗಳನ್ನು ಸ್ವಲ್ಪ ಕತ್ತರಿಸಿ ತೋರಿಸುವ ಹಳೆಯ ಪದ್ಧತಿಯನ್ನು ಉಳಿಸಿಕೊಂಡಿವೆ. ಅದರಿಂದ ವಿಂಡೋಸ್‌ನ ಟಾಸ್ಕ್‌ಬಾರ್ ಅರ್ಧ ಮರೆಯಾಗುತ್ತದೆ. ಇದನ್ನು ತಪ್ಪಿಸುವ ಆಯ್ಕೆಯನ್ನು ಎಲ್‌ಜಿ ಟಿವಿಗಳಲ್ಲಿ ಜಸ್ಟ್ ಸ್ಕ್ಯಾನ್ ಎಂದೂ ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್ ಫಿಟ್ ಎಂದೂ ಸೋನಿಯಲ್ಲಿ ಫುಲ್ ಪಿಕ್ಸೆಲ್ ಎಂದೂ ಕರೆಯುತ್ತಾರೆ. ಶಾರ್ಪ್‌ನೆಸ್ ಹೆಚ್ಚಿಸಿದರೆ ಅಕ್ಷರ ಹರಿತವಾಗುತ್ತದೆ ಎಂದು ತೋರಿದರೂ, ನಿಜದಲ್ಲಿ ಅದು ಪ್ರತಿ ಅಕ್ಷರದ ಸುತ್ತ ಬಿಳಿಯ ಅಂಚನ್ನು ಸೇರಿಸುತ್ತದೆ. ನಮ್ಮ ಟಿವಿಯಲ್ಲಿ ಅದನ್ನು ಸೊನ್ನೆಗೆ ಇಳಿಸಿದ ಮೇಲೆಯೇ ಓದಲು ಹಿತವಾಯಿತು. ಇನ್‌ಪುಟ್‌ಗೆ ಪಿಸಿ ಎಂಬ ಹೆಸರು ಕೊಡಲು ಅವಕಾಶವಿದ್ದರೆ ಖಂಡಿತ ಕೊಡಬೇಕು. ಹಾಗೆ ಮಾಡಿದಾಗ ಹಲವು ಟಿವಿಗಳು ತಮ್ಮ ಚಿತ್ರ ಸಂಸ್ಕರಣೆಯನ್ನು ಬದಿಗಿಡುತ್ತವೆ, ಮೌಸಿನ ಚಲನೆಯಲ್ಲಿ ಕಾಣುವ ವಿಳಂಬವೂ ತಗ್ಗುತ್ತದೆ.

ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನಿಂದ ನೇರವಾಗಿ ಟಿವಿಗೆ ಬರುವವರು ಇನ್ನೊಂದು ತೊಡಕನ್ನು ಎದುರಿಸಬಹುದು. ಅಂಥ ಮಾನಿಟರುಗಳಲ್ಲಿ ಕಣ್ಣಿಗೆ ಮಿನುಗು ಕಾಣದಿರಲೆಂದು ರಿಫ್ರೆಶ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡಬೇಕು ಎಂಬುದನ್ನು, 75 ಅಥವಾ 85 ಹರ್ಟ್ಜ್‌ಗೆ ಇಡುತ್ತಿದ್ದರು. ಟಿವಿ ಬಯಸುವುದು 60 ಹರ್ಟ್ಜ್. ವಿಂಡೋಸ್ ಆರಂಭವಾಗುವ ತನಕ ಚಿತ್ರ ಬಂದು, ಆಮೇಲೆ ಪರದೆ ಕಪ್ಪಾದರೆ ಕಾರಣ ಬಹುತೇಕ ಇದೇ. ವಿಂಡೋಸ್ 7ರಲ್ಲಿ ಆರಂಭದಲ್ಲೇ ಎಫ್8 ಒತ್ತಿ ಕಡಿಮೆ ರೆಸಲ್ಯೂಶನ್ನಿನ ಆಯ್ಕೆಯಿಂದ ಒಳಹೋಗಿ ಅದನ್ನು 60ಕ್ಕೆ ಇಳಿಸಬಹುದು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಉಳಿಯುವ ಮಿತಿಯೆಂದರೆ ಪಿಕ್ಸೆಲ್ಲಿನ ಗಾತ್ರ. 32 ಇಂಚಿನ ಎಚ್‌ಡಿ ರೆಡಿ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 49 ಪಿಕ್ಸೆಲ್ ಬರುತ್ತವೆ. 22 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಸುಮಾರು 100. ಲೆಕ್ಕ ಹಾಕಿದರೆ ಟಿವಿಯ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದು. ಆರು ಅಡಿಯಷ್ಟು ದೂರ ಹೋಗುವವರೆಗೆ ಸಾಮಾನ್ಯ ದೃಷ್ಟಿಯವರಿಗೆ ಆ ಚುಕ್ಕೆಗಳು ಒಂದರೊಳಗೊಂದು ಬೆರೆಯುವುದಿಲ್ಲ. ಎರಡಡಿಯ ಮೇಜಿನ ಮುಂದೆ ಕುಳಿತರೆ ಅಕ್ಷರಗಳು ರಂಗೋಲಿಯ ಚುಕ್ಕಿಗಳಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಟಿವಿಗೇ ಜೋಡಿಸಲೆಂದು 1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ಒಂದು ಸಾಲಿಗೆ 32 ಅಕ್ಷರಗಳನ್ನಷ್ಟೇ ತೋರಿಸುತ್ತಿತ್ತು. ಟಿವಿಯಲ್ಲಿ ಅಕ್ಷರ ಓದಬೇಕಾದರೆ ಅದು ದೊಡ್ಡದಾಗಿರಬೇಕು ಎಂಬುದು ಆಗಲೂ ನಿಜ, ಈಗಲೂ ನಿಜ. ನಾವು ವಿಂಡೋಸ್‌ನಲ್ಲಿ ಅಕ್ಷರಗಳನ್ನು ಶೇಕಡಾ 125ಕ್ಕೆ ಏರಿಸಿ, ಕುರ್ಚಿಯನ್ನು ನಾಲ್ಕೈದು ಅಡಿ ಹಿಂದಕ್ಕೆ ಸರಿಸಿ, ಉದ್ದ ತಂತಿಯ ಕೀಬೋರ್ಡ್ ಇಟ್ಟುಕೊಂಡಿದ್ದೇವೆ. ದೃಷ್ಟಿ ಮಂದವಾದ ಹಿರಿಯರಿಗೆ ಈ ಏರ್ಪಾಡು ಮಾನಿಟರಿಗಿಂತ ಹಿತವಾಗಿದೆ ಎಂಬುದನ್ನು ಮನಸಾರೆ ಹೇಳಬೇಕು.

ವಿಜಿಎಯಲ್ಲಿ ಧ್ವನಿ ಹರಿಯುವುದಿಲ್ಲವಾದ್ದರಿಂದ 3.5 ಮಿಲಿಮೀಟರ್ ಆಡಿಯೊ ಕೇಬಲ್ ಬೇರೆ ಹಾಕಬೇಕು. ಕಂಪ್ಯೂಟರ್ ನಿದ್ರಾವಸ್ಥೆಗೆ ಹೋದಾಗ ಟಿವಿಯೂ ಆರುತ್ತದೆ. ಮಾನಿಟರಿನಂತೆ ತಾನಾಗಿ ಎಚ್ಚರಗೊಳ್ಳುವುದಿಲ್ಲ, ರಿಮೋಟ್ ಹುಡುಕಬೇಕು.

ಒಟ್ಟಾರೆ, ಪಾಠದ ವಿಡಿಯೊ, ಫೋಟೊ, ಸಿನಿಮಾಗಳಿಗೆ ಮತ್ತು ದೂರದಿಂದ ಓದುವವರಿಗೆ ಈ ಟಿವಿಯನ್ನು ಧೈರ್ಯವಾಗಿ ಬಳಸಬಹುದು. ದಿನವಿಡೀ ಬೆರಳಚ್ಚು ಮಾಡುವವರಿಗೆ ಇದನ್ನು ಶಿಫಾರಸು ಮಾಡಲಾರೆ; ಅವರು ಸೆಕೆಂಡ್ ಹ್ಯಾಂಡ್ ಮಾನಿಟರ್ ಕೊಳ್ಳುವುದೇ ಲೇಸು. ಟಿವಿಯೇ ಬೇಕೆಂದಿದ್ದರೆ ಫುಲ್ ಎಚ್‌ಡಿ ಆರಿಸಿಕೊಳ್ಳಿ, ಏಕೆಂದರೆ ಅದರಲ್ಲಿ 1920×1080 ಸಂಕೇತ ಪರದೆಗೆ ನೇರವಾಗಿ ಹೊಂದುತ್ತದೆ. ಕೊಳ್ಳುವ ಮುನ್ನ ಸಾಧ್ಯವಾದರೆ ನಿಮ್ಮ ಕಂಪ್ಯೂಟರನ್ನೇ ಅಂಗಡಿಗೆ ಒಯ್ದು, 12 ಪಾಯಿಂಟಿನಲ್ಲಿ ‘ರಾಷ್ಟ್ರ’, ‘ಸ್ತ್ರೀ’, ‘ಬಾಧೆ’, ‘ಭಾಷೆ’ ಎಂಬ ಪದಗಳನ್ನು ಟೈಪಿಸಿ, ನೀವು ಮನೆಯಲ್ಲಿ ಕೂರುವಷ್ಟೇ ದೂರದಿಂದ ಓದಿ ನೋಡಿ.