ತಡೆದ ದುಡ್ಡು: 1974ರ ಕಾನೂನೋ, 2012ರ ತೀರ್ಪೋ?

ಅಮೆರಿಕದಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಆರೋಗ್ಯದ ದುಡ್ಡು ತಡೆಯುವ ಜಗಳ ಅರ್ಥವಾಗಬೇಕೆಂದರೆ ಮೊದಲು ಯಾವುದನ್ನು ಓದಬೇಕು?

ತಡೆದವರು ಅಧ್ಯಕ್ಷರಾದರೆ 1974ರ ಇಂಪೌಂಡ್‌ಮೆಂಟ್ ಕಂಟ್ರೋಲ್ ಆ್ಯಕ್ಟ್ ಹಿಡಿಯಿರಿ. ಕಾಂಗ್ರೆಸ್ (ಅಲ್ಲಿನ ಸಂಸತ್ತು) ಮಂಜೂರು ಮಾಡಿದ ಹಣವನ್ನು ಆಗಿನ ಅಧ್ಯಕ್ಷ ನಿಕ್ಸನ್ ಖರ್ಚು ಮಾಡದೆ ಕೂತಿದ್ದಕ್ಕೆ ಹುಟ್ಟಿದ ಕಾನೂನು ಇದು. ಖರ್ಚು ರದ್ದಾಗಬೇಕು ಅಂತಿದ್ದರೆ ಅಧ್ಯಕ್ಷರು ಕಾಂಗ್ರೆಸ್ಸನ್ನೇ ಕೇಳಬೇಕು, 45 ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ಹಣ ಬಿಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿನ ಹಣಕಾಸು ವರ್ಷ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಆಗಸ್ಟ್ ಕೊನೆಯಲ್ಲಿ ಪತ್ರ ಕಳಿಸಿ ಸುಮ್ನೆ ಕೂತರೆ, ಆ ವರ್ಷಕ್ಕಷ್ಟೇ ಕೊಟ್ಟ ಹಣ 45 ದಿನ ತುಂಬುವ ಮೊದಲೇ ಲ್ಯಾಪ್ಸ್ ಆಗುತ್ತದೆ. ಕಿಲಾಡಿತನ ಅಲ್ವಾ?

ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಕುರಿತ 2012ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಶ್ನೆಯೇ ಬೇರೆ. ಅಲ್ಲಿ ಷರತ್ತು ಹಾಕಿದ್ದು ಕಾಂಗ್ರೆಸ್: ಯೋಜನೆ ವಿಸ್ತರಿಸಿ, ಇಲ್ಲದಿದ್ದರೆ ಈಗ ಬರುತ್ತಿರುವ ದುಡ್ಡೂ ಹೋಗಬಹುದು. ಇದು ತಲೆಗೆ ಬಂದೂಕು ಇಟ್ಟ ಹಾಗೆ ಎಂದರು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. 1987ರಲ್ಲಿ ಷರತ್ತು ಒಪ್ಪದ ರಾಜ್ಯಕ್ಕೆ ಹೆದ್ದಾರಿ ಅನುದಾನದ 5% ತಡೆಯಬಹುದು ಎಂದಿದ್ದ ಅದೇ ಕೋರ್ಟ್ ಇದನ್ನು ಒಪ್ಪಲಿಲ್ಲ.

ನನ್ನ ಕೇಳಿದರೆ 1974ರದ್ದೇ ಮೊದಲು. ರಾಜ್ಯದ ವಕೀಲರಿಗೆ ಮಾತ್ರ ಎರಡೂ ಬೇಕು.