ವಿಮಿಯಂ: ಮೌಸ್ ಬಳಸದವರಿಗೊಂದು ಎಕ್ಸ್‌ಟೆನ್ಶನ್

ಕೀಬೋರ್ಡ್ ಒಂದನ್ನೇ ನಂಬಿ ಜಾಲತಾಣಗಳನ್ನು ಓದುವವರಿಗೆ ಟ್ಯಾಬ್ ಕೀಲಿಯೇ ಮುಖ್ಯ ಆಸರೆಯಾದರೂ, ವಿಕಿಪೀಡಿಯದಂತೆ ಕೊಂಡಿಗಳು ಕಿಕ್ಕಿರಿದ ಪುಟದಲ್ಲಿ ನಡುವಿನ ಒಂದು ಕೊಂಡಿಯನ್ನು ಮುಟ್ಟಲು ಅದರ ಹಿಂದಿನ ಎಲ್ಲ ಕೊಂಡಿಗಳನ್ನೂ ಒಂದೊಂದಾಗಿ ದಾಟಬೇಕಾಗುತ್ತದೆ. ನೇರವಾಗಿ ಮುಖ್ಯ ಬರಹಕ್ಕೆ ಒಯ್ಯುವ ಕೊಂಡಿಯೊಂದು ಅಲ್ಲಿ ಇದೆಯಾದರೂ ಅದು ಬರಹದ ಆರಂಭದವರೆಗಷ್ಟೇ ತಲುಪಿಸುತ್ತದೆ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುವ, ಬ್ರೌಸರ್‌ಗೆ ಸೇರಿಸಿಕೊಳ್ಳುವ ಉಚಿತ, ಮುಕ್ತ ತಂತ್ರಾಂಶವೇ ವಿಮಿಯಂ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡಕ್ಕೂ ಲಭ್ಯವಿದೆ.

ಇದರ ಜೀವಾಳವಿರುವುದು ಎಫ್ ಕೀಲಿಯಲ್ಲಿ. ಅದನ್ನು ಒತ್ತಿದ ಕೂಡಲೇ ಪರದೆಯಲ್ಲಿ ಕಾಣುವ ಪ್ರತಿಯೊಂದು ಕೊಂಡಿ, ಬಟನ್ ಮತ್ತು ಪಠ್ಯಪೆಟ್ಟಿಗೆಯ ಮೇಲೆ ಒಂದೆರಡು ಅಕ್ಷರಗಳ ಸಣ್ಣ ಹಳದಿ ಚೀಟಿ ಮೂಡುತ್ತದೆ. ಆ ಅಕ್ಷರಗಳನ್ನು ಒತ್ತಿದರೆ ಕೊಂಡಿ ತೆರೆದುಕೊಳ್ಳುತ್ತದೆ. ಶಿಫ್ಟ್ ಜೊತೆಗೆ ಎಫ್ ಒತ್ತಿ ಆರಿಸಿದರೆ ಅದೇ ಕೊಂಡಿ ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ. ಜೆ ಮತ್ತು ಕೆ ಪುಟವನ್ನು ಕೆಳಗೂ ಮೇಲೂ ಸರಿಸುತ್ತವೆ. ಜಿ, ಐ ಎಂದು ಒಂದರ ಹಿಂದೊಂದು ಒತ್ತಿದರೆ ಕರ್ಸರ್ ಮೊದಲ ಪಠ್ಯಪೆಟ್ಟಿಗೆಗೆ ಹೋಗುತ್ತದೆ. ಹೆಚ್ಚಿನ ಆಜ್ಞೆಗಳಿಗೆ ಎರಡು ಕೀಲಿಗಳನ್ನು ಒಟ್ಟಿಗೆ ಅದುಮುವ ಅಗತ್ಯವಿಲ್ಲದಿರುವುದು, ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ನನ್ನ ಮಟ್ಟಿಗೆ ಇದರ ಅತಿ ದೊಡ್ಡ ಉಪಕಾರ.

ಕನ್ನಡದಲ್ಲಿ ಟೈಪ್ ಮಾಡುವವರು ಒಂದು ತೊಡಕನ್ನು ಮೊದಲೇ ತಿಳಿದಿರಬೇಕು. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸ ಚಾಲೂ ಇದ್ದಾಗ ಎಫ್ ಕೀಲಿಯಿಂದ ಹೊರಡುವುದು ಗುಡಿಸಿನ ಚಿಹ್ನೆ, ಕೆ ಕೀಲಿಯಿಂದ 'ಕ'. ವಿಮಿಯಂ ಇವನ್ನು ಆಜ್ಞೆಗಳೆಂದು ಗುರುತಿಸದೆ ಸುಮ್ಮನಿದ್ದುಬಿಡುತ್ತದೆ. ಕೀಬೋರ್ಡ್ ವಿನ್ಯಾಸವನ್ನು ಕಡೆಗಣಿಸುವ ಆಯ್ಕೆಯೊಂದು ಸೆಟ್ಟಿಂಗ್ಸ್‌ನಲ್ಲಿದ್ದು, ಅದನ್ನು ಗುರುತು ಹಾಕಿದರೆ ಅಕ್ಷರದ ಬದಲು ಕೀಲಿಯ ಸ್ಥಾನವೇ ಲೆಕ್ಕಕ್ಕೆ ಬರುತ್ತದೆ. ಇಷ್ಟು ಮುಖ್ಯವಾದ ಆಯ್ಕೆಯನ್ನು ಇಂಗ್ಲಿಷೇತರ ಬಳಕೆದಾರರೇ ಹುಡುಕಿಕೊಳ್ಳಲಿ ಎಂದು ಬಿಟ್ಟಿರುವುದು ಸರಿಯಲ್ಲ.

ಎನ್‌ವಿಡಿಎಯಂಥ ಪರದೆ ಓದುಗವನ್ನು (ಪರದೆಯ ಮೇಲಿನದನ್ನು ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶ) ಅವಲಂಬಿಸಿದವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಶೀರ್ಷಿಕೆಗೆ ಹೋಗಲು ಎಚ್, ಕೊಂಡಿಗೆ ಹೋಗಲು ಕೆ ಎಂಬ ಎನ್‌ವಿಡಿಎಯದ್ದೇ ಒಂಟಿ ಅಕ್ಷರದ ಕೀಲಿಗಳು ವಿಮಿಯಂನೊಂದಿಗೆ ಡಿಕ್ಕಿ ಹೊಡೆಯುತ್ತವೆ. ಮೇಲಾಗಿ ಹಳದಿ ಚೀಟಿಗಳನ್ನು ಕಣ್ಣಿನಿಂದಲೇ ಓದಬೇಕು. ಎಲ್ಲ ತಾಣಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿಯನ್ನು ಈ ಎಕ್ಸ್‌ಟೆನ್ಶನ್ ಕೇಳುತ್ತದೆ. ಪುಟದ ಮೇಲೆ ಚೀಟಿ ಅಂಟಿಸಲು ಅದು ಬೇಕೇಬೇಕಾದರೂ, ಬ್ಯಾಂಕಿನ ತಾಣವನ್ನು ಹೊರಗಿಡುವ ನಿಯಮವೊಂದನ್ನು ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರೆ ಅಲ್ಲಿ ಅದರ ಕೀಲಿಗಳು ನಡುವೆ ಬಾಯಿ ಹಾಕುವುದಿಲ್ಲ.

ಮೌಸ್ ಮೇಲೆ ಸುಳಿದಾಗ ಮಾತ್ರ ಬಿಚ್ಚಿಕೊಳ್ಳುವ ಮೆನುಗಳ ಮುಂದೆ ಎಫ್ ಕೀಲಿಯೂ ಸೋಲುತ್ತದೆ, ಏಕೆಂದರೆ ಕಾಣದ ಕೊಂಡಿಗೆ ಚೀಟಿ ಬರುವುದಿಲ್ಲ. ಆ ದೋಷ ಪುಟ ಕಟ್ಟಿದವರದ್ದು. ಪುಟದ ಎಲ್ಲ ಕೆಲಸವೂ ಕೀಬೋರ್ಡ್‌ನಿಂದಲೇ ಆಗಬೇಕೆಂದು ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿ 2008ರ ಆವೃತ್ತಿಯಿಂದಲೂ ಹೇಳುತ್ತಲೇ ಇದೆ.